ಇಪ್ಪತ್ತನಾಲ್ಕು ಮೊಲಗಳ ಋಣ

ಹಿಂಸೆಯ ಲೆಕ್ಕವನ್ನು ಜೀವಿಯೊಂದು ಸತ್ತ ದಿನದಿಂದ ಬರೆಯತೊಡಗುವುದು ಲೋಕರೂಢಿ. ಆದರೆ ವರ್ತಕನ ಖಾತೆಪುಸ್ತಕದಲ್ಲಿ ಸಾಲವು ವಸೂಲಿಯ ದಿನ ಹುಟ್ಟುವುದಿಲ್ಲ. ಹಣ ಎಣಿಸಿ ಕೊಟ್ಟ ದಿನವೇ ಹುಟ್ಟಿರುತ್ತದೆ. ನಡುವಿನ ವರ್ಷಗಳಲ್ಲಿ ಯಾರೂ ಅದನ್ನು ನೆನೆಯದಿದ್ದರೂ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಆಸ್ಟ್ರೇಲಿಯ ಖಂಡದಲ್ಲಿ ಮೊಲ ಮತ್ತು ಪರದೇಶದ ಕಳೆಗಳೊಡನೆ ಮನುಷ್ಯನು ಒಂದೂವರೆ ಶತಮಾನಕ್ಕೂ ಮಿಗಿಲಾಗಿ ನಡೆಸಿಕೊಂಡು ಬಂದಿರುವ ವ್ಯವಹಾರವು ಇಂತಹುದೊಂದು ಸಾಲದ ಇತಿಹಾಸ.

ಇಂದು ಆ ದೇಶದಲ್ಲಿ ಊರೂರಿನ ಜನರು ಸಂಘಟಿತರಾಗಿ ಬರಡಾದ ನೆಲದ ಮೇಲೆ ಮತ್ತೆ ಅಲ್ಲಿಯದೇ ಆದ ಗಿಡಮರಗಳನ್ನು ಬೆಳೆಸುತ್ತಿದ್ದಾರೆ. ಆ ಸಸಿಗಳು ಉಳಿಯಬೇಕಾದರೆ ಕಳೆಯನ್ನು ಹತೋಟಿಯಲ್ಲಿಡಬೇಕು, ಮೊಲವನ್ನು ತಡೆಯಬೇಕು. ತಡೆಯುವುದೆಂದರೆ ಬಹಳ ಸಲ ಕೊಲ್ಲುವುದೇ ಆಗಿದೆ. ವನವನ್ನು ಬದುಕಿಸುವ ಸತ್ಕಾರ್ಯದ ಒಳಗೇ ಪಂಚೇಂದ್ರಿಯ ಜೀವಿಯ ವಧೆ ಸೇರಿಕೊಂಡಿರುವ ಈ ಪ್ರಸಂಗವು, ಅಹಿಂಸೆಯನ್ನು ಅಣುವ್ರತಗಳಲ್ಲಿ ಮೊದಲನೆಯದಾಗಿ ಎಣಿಸುವ ಗೃಹಸ್ಥರು ಸಾವಧಾನವಾಗಿ ಪರಿಶೀಲಿಸಲು ತಕ್ಕುದಾಗಿದೆ.

ಮೋಜಿಗಾಗಿ ತಂದ ಜೀವಿ

1788ರಲ್ಲಿ ಇಂಗ್ಲೆಂಡಿನಿಂದ ಬಂದ ಮೊದಲ ಹಡಗುಗಳಲ್ಲಿಯೇ ಕೆಲವು ಸಾಕುಮೊಲಗಳಿದ್ದವು. ಅವು ಗೂಡುಗಳಲ್ಲಿಯೇ ಉಳಿದುದರಿಂದ ದೊಡ್ಡ ಅನಾಹುತವೇನೂ ಆಗಲಿಲ್ಲ. ಅನಾಹುತದ ಆರಂಭ 1859ರ ಡಿಸೆಂಬರ್ 25ರಂದು. ಅಂದು ಮೆಲ್ಬರ್ನ್ ಬಂದರಿಗೆ ಬಂದ ‘ಲೈಟ್ನಿಂಗ್’ ಎಂಬ ಹಡಗಿನಲ್ಲಿ ವಿಕ್ಟೋರಿಯ ಪ್ರಾಂತದ ವಿಂಚೆಲ್ಸಿ ಊರಿನ ಬಳಿಯ ಬಾರ್ವನ್ ಪಾರ್ಕ್ ಎಸ್ಟೇಟಿನ ಒಡೆಯ ಥಾಮಸ್ ಆಸ್ಟಿನ್‌ಗಾಗಿ ಇಪ್ಪತ್ತನಾಲ್ಕು ಮೊಲಗಳು ಬಂದವು. ಊರಿನಲ್ಲಿದ್ದ ಅವನ ಸೋದರನೇ ಅವನ್ನು ಕಳುಹಿಸಿದ್ದನು. ಆಹಾರಕ್ಕಾಗಿ ಅಲ್ಲ, ವ್ಯವಸಾಯಕ್ಕಾಗಿ ಅಲ್ಲ. ತಾಯ್ನಾಡಿನಲ್ಲಿ ಆಡುತ್ತಿದ್ದ ಬೇಟೆಯ ಮೋಜು ಹೊಸ ನಾಡಿನಲ್ಲಿಯೂ ದೊರೆಯಲಿ ಎಂಬುದಷ್ಟೇ ಉದ್ದೇಶ. ಇಂದು ಖಂಡದ ಬಹುಭಾಗದಲ್ಲಿರುವ ಮೊಲಗಳ ವಂಶದ ಮೂಲ ಬಾರ್ವನ್ ಪಾರ್ಕಿನ ಈ ಮೊಲಗಳೇ ಎಂಬುದನ್ನು 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೂ ದೃಢಪಡಿಸಿದೆ.

ಕರ್ನಾಟಕದ ಹೊಲಗಳಲ್ಲಿ ಕಾಣುವ ಕಾಡುಮೊಲವೂ ಯೂರೋಪಿನ ಈ ಮೊಲವೂ ಒಂದೇ ಅಲ್ಲ. ನಮ್ಮ ಮೊಲ ಬಿಲ ತೋಡುವುದಿಲ್ಲ. ಪೊದೆಯ ಮರೆಯಲ್ಲಿ ಒಂಟಿಯಾಗಿ ಅಡಗಿರುತ್ತದೆ. ಅದರ ಮರಿ ಹುಟ್ಟುವಾಗಲೇ ಕಣ್ತೆರೆದು ಮೈತುಂಬ ಕೂದಲು ಹೊತ್ತಿರುತ್ತದೆ. ಯೂರೋಪಿನ ಮೊಲವಾದರೋ ನೆಲದೊಳಗೆ ಕವಲುಕವಲಾಗಿ ಬಿಲ ತೋಡಿ ಗುಂಪಾಗಿ ಬಾಳುತ್ತದೆ. ಕಣ್ಣು ತೆರೆಯದ ಬೆತ್ತಲೆ ಮರಿಗಳನ್ನು ಆ ಬಿಲದ ಭದ್ರತೆಯಲ್ಲಿ ಹೆತ್ತು ಸಾಕುತ್ತದೆ. ಗರ್ಭದ ಅವಧಿ ಸುಮಾರು ಒಂದೇ ತಿಂಗಳು. ಮೇವು ಚೆನ್ನಾಗಿದ್ದರೆ ವರ್ಷದಲ್ಲಿ ಹಲವು ಸೂಲು. ಹೊಸ ಖಂಡದಲ್ಲಿ ಹುಲ್ಲು ಧಾರಾಳವಾಗಿತ್ತು, ಮೆದು ಮಣ್ಣಿತ್ತು, ಹಳೆಯ ಶತ್ರುಗಳಿರಲಿಲ್ಲ. ಕೆಲವೇ ವರ್ಷಗಳಲ್ಲಿ ಬಾರ್ವನ್ ಪಾರ್ಕಿನಲ್ಲಿ ಬೇಟೆಯಾಡಿ ಕೊಂದ ಮೊಲಗಳ ಸಂಖ್ಯೆಯೇ ಸಾವಿರಗಳಲ್ಲಿ ಎಣಿಕೆಯಾಗತೊಡಗಿತು. ಸುಮಾರು ಐವತ್ತು ವರ್ಷಗಳೊಳಗೆ ಮೊಲವು ಖಂಡದ ಪಶ್ಚಿಮ ತೀರದ ಪ್ರಾಂತವನ್ನೂ ಮುಟ್ಟಿತ್ತು.

ಆಚಾರ್ಯ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡವನ್ನು, ಎಂದರೆ ನಿಷ್ಪ್ರಯೋಜನವಾದ ಪಾಪಕಾರ್ಯವನ್ನು, ಐದು ಬಗೆಯಾಗಿ ವಿಂಗಡಿಸುತ್ತದೆ. ಅವುಗಳಲ್ಲಿ ಒಂದು ಪ್ರಮಾದಚರ್ಯೆ: ಪರಿಣಾಮವನ್ನು ಚಿಂತಿಸದ, ಅಗತ್ಯವೂ ಇಲ್ಲದ ನಡವಳಿಕೆ. 1859ರಲ್ಲಿ ನಡೆದುದಕ್ಕೆ ಇದಕ್ಕಿಂತ ಉಚಿತವಾದ ಹೆಸರನ್ನು ಹುಡುಕುವುದು ಕಷ್ಟ. ಅಂದು ಗೂಡಿನ ಬಾಗಿಲು ತೆರೆದ ಕೈ ಯಾವ ಪ್ರಾಣಿಯನ್ನೂ ಕೊಲ್ಲಲಿಲ್ಲ. ಆದರೆ ಮುಂದೆ ಸತ್ತ ಕೋಟ್ಯಂತರ ಮೊಲಗಳ ಲೆಕ್ಕದ ಮೊದಲ ಸಾಲು ಅಲ್ಲಿಯೇ ಬರೆಯಲ್ಪಟ್ಟಿತು.

ಬೇಲಿ, ವಿಷ, ರೋಗ

ಮೊಲಗಳು ಹುಲ್ಲನ್ನು ಬುಡದವರೆಗೂ ಮೇಯ್ದವು, ಎಳೆಯ ಸಸಿಗಳನ್ನು ಕತ್ತರಿಸಿದವು, ಬರಗಾಲದಲ್ಲಿ ಮರಗಳ ತೊಗಟೆಯನ್ನೂ ಸುಲಿದವು. ಬೇರಿನ ಹಿಡಿತ ತಪ್ಪಿದ ಮಣ್ಣು ಗಾಳಿಗೆ ಹಾರಿತು. ಬಿಲದಲ್ಲಿ ಬಾಳುವ ಬಿಲ್ಬಿಯಂತಹ ಅಲ್ಲಿಯ ಸಾಧುಪ್ರಾಣಿಗಳು ಮೇವನ್ನೂ ಬಿಲವನ್ನೂ ಕಳೆದುಕೊಂಡವು. ಹತಾಶವಾದ ನ್ಯೂ ಸೌತ್ ವೇಲ್ಸ್ ಸರಕಾರವು 1887ರಲ್ಲಿ, ಮೊಲದ ನಿರ್ಮೂಲನಕ್ಕೆ ಫಲಕಾರಿ ಉಪಾಯ ಸೂಚಿಸಿದವರಿಗೆ 25,000 ಪೌಂಡುಗಳ ಬಹುಮಾನವನ್ನು ಘೋಷಿಸಿತು. ಫ್ರಾನ್ಸಿನ ಪ್ರಖ್ಯಾತ ವಿಜ್ಞಾನಿ ಲೂಯಿ ಪಾಶ್ಚರ್ ಕೂಡ ಕೋಳಿಗಳ ಕಾಲರಾ ರೋಗಾಣುವಿನ ಉಪಾಯದೊಡನೆ ತನ್ನ ಪ್ರತಿನಿಧಿಗಳನ್ನು ಕಳುಹಿಸಿದನು. ಆ ಬಹುಮಾನ ಯಾರಿಗೂ ಸಲ್ಲಲಿಲ್ಲ.

ಬಳಿಕ ಬಂದುದು ಬೇಲಿ. ಪಶ್ಚಿಮ ಆಸ್ಟ್ರೇಲಿಯದಲ್ಲಿ 1901ರಿಂದ 1907ರವರೆಗೆ ಮೂರು ಬೇಲಿಗಳನ್ನು ಕಟ್ಟಲಾಯಿತು. ಅವುಗಳ ಒಟ್ಟು ಉದ್ದ 3,256 ಕಿಲೋಮೀಟರು; ಮೊದಲನೆಯದೊಂದೇ ದಕ್ಷಿಣದ ಕಡಲಿನಿಂದ ವಾಯವ್ಯದ ಕಡಲಿನವರೆಗೆ 1,833 ಕಿಲೋಮೀಟರು. ಕುದುರೆ, ಒಂಟೆ, ಬೈಸಿಕಲ್ಲುಗಳ ಮೇಲೆ ಕಾವಲುಗಾರರು ಅದರ ಉದ್ದಕ್ಕೂ ಸುತ್ತುತ್ತಿದ್ದರು. ಆದರೆ ಮೊದಲ ಬೇಲಿ ಮುಗಿಯುವ ಮುನ್ನವೇ, 1902ರಲ್ಲಿ, ಅದರ ಆಚೆಬದಿಯಲ್ಲಿ ಮೊಲಗಳು ಕಂಡವು. ಜನವಸತಿಯಿಲ್ಲದ ಮರುಭೂಮಿಯಲ್ಲಿ ಹಾಯುವ ಬೇಲಿಯ ಒಂದೊಂದು ರಂಧ್ರವನ್ನೂ ನೋಡಿಕೊಳ್ಳುವುದು ಬೆರಳೆಣಿಕೆಯ ಸವಾರರಿಂದ ಆಗುವ ಮಾತಾಗಿರಲಿಲ್ಲ.

ಇದರ ನಡುವೆ ಮೊಲದ ವ್ಯಾಪಾರವೂ ಬೆಳೆಯಿತು. ಮಾಂಸವು ಶೈತ್ಯಾಗಾರಗಳ ಮೂಲಕ ಇಂಗ್ಲೆಂಡಿಗೆ ಹೋಯಿತು, ತುಪ್ಪಳು ಟೋಪಿಗಳಾಯಿತು. ಬಲೆ ಹಾಕಿ ಜೀವನ ಸಾಗಿಸುವವರು ಮುಂದಿನ ವರ್ಷದ ಆದಾಯಕ್ಕಾಗಿ ಹೆಣ್ಣುಮೊಲಗಳನ್ನು ಬಿಟ್ಟುಬಿಡುತ್ತಾರೆ ಎಂಬ ದೂರು ಆ ಕಾಲದ ರೈತರಲ್ಲಿ ಸಾಮಾನ್ಯವಾಗಿತ್ತು. ಕೇಡೊಂದು ಲಾಭದ ಮೂಲವಾದಾಗ ಅದರ ನಿವಾರಣೆಯಲ್ಲಿ ಮನಸ್ಸು ಸಡಿಲವಾಗುವುದು ವ್ಯಾಪಾರ ಬಲ್ಲವರಿಗೆ ಹೊಸ ಸಂಗತಿಯಲ್ಲ. ಪ್ರಮಾದದಿಂದ ಹುಟ್ಟಿದ ಸಾಲವನ್ನು ಲೋಭವು ಬೆಳೆಸಿತು.

1950ರಲ್ಲಿ ಸರಕಾರದ ವಿಜ್ಞಾನಿಗಳು ದಕ್ಷಿಣ ಅಮೆರಿಕದ ಮೊಲಗಳಲ್ಲಿ ಕಂಡುಬಂದ ಮಿಕ್ಸೊಮಟೋಸಿಸ್ ಎಂಬ ವೈರಸ್ ರೋಗವನ್ನು ಮರ್ರೆ ನದಿಯ ಕಣಿವೆಯಲ್ಲಿ ಬಿಟ್ಟರು. ಸೊಳ್ಳೆಗಳ ಮೂಲಕ ಅದು ನದಿಗಳ ಗುಂಟ ಕಾಡುಕಿಚ್ಚಿನಂತೆ ಹರಡಿತು. ಅರುವತ್ತು ಕೋಟಿಯೆಂದು ಅಂದಾಜಾಗಿದ್ದ ಮೊಲಗಳ ಸಂಖ್ಯೆ ಎರಡು ವರ್ಷಗಳಲ್ಲಿ ಸುಮಾರು ಹತ್ತು ಕೋಟಿಗೆ ಇಳಿಯಿತು. ಅದೇ ಸಮಯದಲ್ಲಿ ಮನುಷ್ಯರಲ್ಲಿ ಮಿದುಳುಜ್ವರ ಕಾಣಿಸಿಕೊಂಡು ಜನರು ಭಯಗೊಂಡಾಗ, ಫ್ರಾಂಕ್ ಫೆನ್ನರ್, ಮ್ಯಾಕ್‌ಫರ್ಲೇನ್ ಬರ್ನೆಟ್ ಮತ್ತು ಇಯಾನ್ ಕ್ಲೂನಿಸ್ ರಾಸ್ ಎಂಬ ಮೂವರು ವಿಜ್ಞಾನಿಗಳು ಆ ವೈರಸನ್ನು ತಮ್ಮ ದೇಹಕ್ಕೇ ಚುಚ್ಚಿಸಿಕೊಂಡು ಅದು ಮನುಷ್ಯರಿಗೆ ಹಾನಿಕರವಲ್ಲವೆಂದು ತೋರಿಸಿದರು. ಅವರ ಧೈರ್ಯ ಮೆಚ್ಚತಕ್ಕುದೇ. ಆದರೆ ರೋಗ ತಗುಲಿದ ಮೊಲದ ಕಣ್ಣು ಬಾತು ಮುಚ್ಚಿಹೋಗಿ, ದಿನಗಟ್ಟಲೆ ನರಳಿ ಅದು ಸಾಯುತ್ತಿತ್ತೆಂಬುದನ್ನೂ ಇತಿಹಾಸವು ಮರೆಮಾಚಬಾರದು.

ಆ ನರಳಿಕೆಯಿಂದಲೂ ಲೆಕ್ಕ ಚುಕ್ತಾ ಆಗಲಿಲ್ಲ. ಮೊದಲಿಗೆ ರೋಗ ತಗುಲಿದ ನೂರರಲ್ಲಿ ತೊಂಬತ್ತೊಂಬತ್ತಕ್ಕಿಂತ ಹೆಚ್ಚು ಮೊಲಗಳು ಸಾಯುತ್ತಿದ್ದವು. ಕೆಲವೇ ವರ್ಷಗಳಲ್ಲಿ ವೈರಸ್ಸಿನ ತೀಕ್ಷ್ಣತೆ ಇಳಿಯಿತು. ಬದುಕುಳಿದ ಮೊಲಗಳ ಸಂತಾನದಲ್ಲಿ ನಿರೋಧಶಕ್ತಿ ಬೆಳೆಯಿತು. ಸಂಖ್ಯೆ ಮತ್ತೆ ಏರಿತು. 1995ರಲ್ಲಿ ದಕ್ಷಿಣ ಆಸ್ಟ್ರೇಲಿಯದ ವಾರ್ಡಂಗ್ ದ್ವೀಪದಲ್ಲಿ ಪರೀಕ್ಷೆಯಲ್ಲಿದ್ದ ಇನ್ನೊಂದು ವೈರಸ್, ಮೊಲದ ರಕ್ತಸ್ರಾವ ರೋಗದ ಕ್ಯಾಲಿಸಿವೈರಸ್, ಅನುಮತಿ ದೊರೆಯುವ ಮೊದಲೇ ದ್ವೀಪದಿಂದ ತಪ್ಪಿಸಿಕೊಂಡು ಭೂಖಂಡವನ್ನು ಸೇರಿತು. ಒಣ ಪ್ರದೇಶಗಳಲ್ಲಿ ಮೊಲಗಳು ಬಹಳವಾಗಿ ಸತ್ತವು. ಅದಕ್ಕೂ ನಿರೋಧ ಬೆಳೆಯಿತು. 2017ರ ಮಾರ್ಚಿಯಲ್ಲಿ ಅದೇ ಜಾತಿಯ ಇನ್ನೊಂದು ತಳಿಯನ್ನು ಬಿಡಬೇಕಾಯಿತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡುವವನ ಸ್ಥಿತಿಗೂ ಇದಕ್ಕೂ ವ್ಯತ್ಯಾಸ ಅಲ್ಪ.

ಬ್ರೋಕನ್ ಹಿಲ್ಲಿನ ಚಿಕ್ಕ ಬೇಲಿ

ಈ ದೊಡ್ಡ ಸಮರಗಳ ನಡುವೆ ಒಂದು ಚಿಕ್ಕ ಪ್ರಯತ್ನ ನಡೆಯಿತು. ನ್ಯೂ ಸೌತ್ ವೇಲ್ಸಿನ ಪಶ್ಚಿಮದಂಚಿನಲ್ಲಿರುವ ಬ್ರೋಕನ್ ಹಿಲ್ ಬೆಳ್ಳಿ, ಸೀಸ, ಸತುವುಗಳ ಗಣಿಪಟ್ಟಣ. ವರ್ಷಕ್ಕೆ ಸುಮಾರು 250 ಮಿಲಿಮೀಟರು ಮಳೆ ಬೀಳುವ ಒಣನಾಡು. 1883ರಲ್ಲಿ ಅದಿರು ಕಂಡಂದಿನಿಂದ ಸುತ್ತಲಿನ ಮುಲ್ಗಾ ಎಂಬ ಜಾಲಿಜಾತಿಯ ಮರಗಳು ಸೌದೆಗೂ ಗಣಿಯ ಕಂಬಗಳಿಗೂ ಉರುಳಿದವು. ಉಳಿದುದನ್ನು ಕುರಿ, ಮೇಕೆ, ಮೊಲಗಳು ಮುಗಿಸಿದವು. ಗಾಳಿ ಎದ್ದಾಗ ಪಟ್ಟಣವು ಧೂಳಿನಲ್ಲಿ ಮುಳುಗುತ್ತಿತ್ತು. ಮರಳು ಮನೆಗಳ ಬೇಲಿಗೆ ರಾಶಿಬೀಳುತ್ತಿತ್ತು.

ಅಲ್ಲಿಯ ಗಣಿಯೊಂದರಲ್ಲಿ ಅದಿರಿನ ಪರೀಕ್ಷಕನಾಗಿದ್ದ ಆಲ್ಬರ್ಟ್ ಮಾರಿಸ್ ಸಸ್ಯಗಳಲ್ಲಿ ಆಸಕ್ತನು. ಪತ್ನಿ ಮಾರ್ಗರೆಟ್‌ಳೊಡನೆ ಅವನು ತನ್ನ ಮನೆಯ ಹಿತ್ತಿಲಲ್ಲಿಯೇ ಆ ನಾಡಿನ ಉಪ್ಪುಪೊದೆಗಳನ್ನು ಬೆಳೆಸಿ, ಮರಳನ್ನು ಯಾವ ಗಿಡ ಹಿಡಿದು ನಿಲ್ಲಿಸುತ್ತದೆಂದು ವರ್ಷಗಳ ಕಾಲ ಪರಿಶೀಲಿಸಿದನು. 1920ರಲ್ಲಿ ಸ್ಥಾಪಿತವಾದ ಸ್ಥಳೀಯ ನಿಸರ್ಗಾಸಕ್ತರ ಸಂಘದಲ್ಲಿ ಇಬ್ಬರೂ ದುಡಿದರು. ಅವನ ನಿರ್ಣಯ ಸರಳವಾಗಿತ್ತು: ಈ ನೆಲ ಸತ್ತಿಲ್ಲ; ಮಣ್ಣಿನಲ್ಲಿ ಬೀಜವಿದೆ; ಮೇಯುವ ಬಾಯಿಗಳನ್ನು ಹೊರಗಿಟ್ಟರೆ ಅದು ತಾನಾಗಿ ಏಳುತ್ತದೆ. 1936ರಲ್ಲಿ ಜಿಂಕ್ ಕಾರ್ಪೊರೇಷನ್ ಎಂಬ ಗಣಿ ಕಂಪೆನಿಯು ಅವನ ಸಲಹೆಯಂತೆ ತನ್ನ ಜಮೀನಿನ ಸುತ್ತ ಜಾನುವಾರುಗಳೂ ಮೊಲಗಳೂ ನುಸುಳದ ಬೇಲಿ ಹಾಕಿತು. ಒಳಗೆ ಕೆಲವು ಸಸಿಗಳನ್ನು ನೆಟ್ಟರು. ಹೆಚ್ಚಿನದನ್ನು ನೆಲಕ್ಕೇ ಬಿಟ್ಟರು. ಮಳೆ ಬಂದಾಗ ಬೇಲಿಯ ಒಳಗೆ ಹುಲ್ಲೂ ಪೊದೆಯೂ ಎದ್ದವು. ಹೊರಗೆ ಹಿಂದಿನಂತೆಯೇ ಬರಿ ಮಣ್ಣು. ಇದನ್ನು ಕಣ್ಣಾರೆ ಕಂಡ ಇತರ ಗಣಿ ಕಂಪೆನಿಗಳೂ ಮುಂದೆ ಬಂದು ಪಟ್ಟಣದ ಅಂಚಿನಲ್ಲಿ ಹಸಿರಿನ ಪಟ್ಟಿಯನ್ನು ವಿಸ್ತರಿಸಿದವು. 1939ರ ಜನವರಿಯಲ್ಲಿ ಮಾರಿಸ್ ತೀರಿಕೊಂಡನು. ಪಟ್ಟಿಯು ಪಟ್ಟಣವನ್ನು ಸುತ್ತುವ ಕೆಲಸ 1950ರ ದಶಕದಲ್ಲಿ ಮುಂದುವರಿಯಿತು. 2015ರಲ್ಲಿ ಬ್ರೋಕನ್ ಹಿಲ್ ಪಟ್ಟಣವೇ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿತು.

ಸಾವಿರಾರು ಕಿಲೋಮೀಟರಿನ ಬೇಲಿ ಸೋತಲ್ಲಿ ಈ ಚಿಕ್ಕ ಬೇಲಿ ಗೆದ್ದುದೇಕೆ? ತಂತಿ ಎರಡರಲ್ಲಿಯೂ ಒಂದೇ ಬಗೆಯದು. ಮೊದಲನೆಯದು ಯಾರ ಮನೆಯಂಗಳದಲ್ಲಿಯೂ ಇರಲಿಲ್ಲ. ಎರಡನೆಯದರ ಪಕ್ಕದಲ್ಲಿಯೇ ಜನ ವಾಸವಾಗಿದ್ದರು. ರಂಧ್ರ ಬಿದ್ದರೆ ಕಾಣುತ್ತಿತ್ತು, ಕಂಡವನಿಗೆ ಅದು ತನ್ನದೆಂಬ ಭಾವವಿತ್ತು. ಬೇಲಿಯನ್ನು ಕಾಯುವುದು ತಂತಿಯಲ್ಲ, ಎಚ್ಚರ.

ಕಳೆಯ ಕಥೆ

ಕಳೆಯ ಇತಿಹಾಸವೂ ಇದೇ ಜಾಡಿನಲ್ಲಿ ಸಾಗುತ್ತದೆ. ಅದರಲ್ಲಿ ಭಾರತದ ಹೆಸರೂ ಬರುತ್ತದೆ. 1788ರಲ್ಲಿ ಗವರ್ನರ್ ಫಿಲಿಪ್ ಸೈನಿಕರ ಅಂಗಿಗೆ ಕೆಂಪು ಬಣ್ಣ ಕೊಡುವ ಕೀಟವನ್ನು ಸಾಕಲೆಂದು ಬ್ರೆಜಿಲ್ಲಿನಿಂದ ಪಾಪಾಸುಕಳ್ಳಿಯನ್ನು ತಂದನು. ಬಣ್ಣದ ಉದ್ಯಮ ನಿಲ್ಲಲಿಲ್ಲ. ಅನಂತರ ಬೇಲಿಗೂ ಅಲಂಕಾರಕ್ಕೂ ತಂದ ಬೇರೆ ಬೇರೆ ಜಾತಿಯ ಪಾಪಾಸುಕಳ್ಳಿಗಳು 1920ರ ದಶಕದ ಹೊತ್ತಿಗೆ ಸುಮಾರು 2 ಕೋಟಿ 40 ಲಕ್ಷ ಹೆಕ್ಟೇರ್ ಭೂಮಿಯನ್ನು ಆಕ್ರಮಿಸಿದ್ದವು. ಉಪಾಯ ಹುಡುಕಲು 1912ರಲ್ಲಿ ಹೊರಟ ಆಯೋಗವು ಭಾರತಕ್ಕೂ ಸಿಂಹಳಕ್ಕೂ ಬಂದಿತು. ಭಾರತದಲ್ಲಿ 1795ರಲ್ಲಿ ಬಣ್ಣದ ಕೀಟವೆಂದು ತಪ್ಪಾಗಿ ತಂದ ಒಂದು ಕೀಟವು ಪಾಪಾಸುಕಳ್ಳಿಯ ಒಂದು ಜಾತಿಯನ್ನು ತಿಂದು ಮುಗಿಸಿದ ಅನುಭವವಿತ್ತು. ಆ ಕೀಟ ಆಸ್ಟ್ರೇಲಿಯದಲ್ಲಿಯೂ ಅದೇ ಜಾತಿಯೊಂದನ್ನು ಅಡಗಿಸಿತು. ಉಳಿದವುಗಳನ್ನು ಅರ್ಜೆಂಟೀನದಿಂದ 1925ರಲ್ಲಿ ತಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಹುಳುಗಳು ಕೆಲವೇ ವರ್ಷಗಳಲ್ಲಿ ತಿಂದುಹಾಕಿದವು. ಕ್ವೀನ್ಸ್‌ಲೆಂಡಿನ ಬೂನಾರ್ಗ ಎಂಬಲ್ಲಿ 1936ರಲ್ಲಿ ರೈತರು ಆ ಕೀಟದ ಹೆಸರಿನಲ್ಲಿಯೇ ಒಂದು ಸಭಾಭವನವನ್ನು ಕಟ್ಟಿಸಿದರು.

ಈ ಯಶಸ್ಸು ಅದೃಷ್ಟವಲ್ಲ. ಆ ಹುಳುವು ಕಳ್ಳಿಯನ್ನಲ್ಲದೆ ಬೇರೇನನ್ನೂ ತಿನ್ನುವುದಿಲ್ಲವೆಂದು ಮೊದಲೇ ಪರೀಕ್ಷಿಸಲಾಗಿತ್ತು. ಕಬ್ಬಿನ ಹುಳು ತಿನ್ನಲೆಂದು 1935ರಲ್ಲಿ ಹವಾಯಿಯಿಂದ ತಂದ ಕಪ್ಪೆಯ ವಿಷಯದಲ್ಲಿ ಅಷ್ಟು ವಿವೇಕ ತೋರಲಿಲ್ಲ. ಅದು ಕಬ್ಬನ್ನು ಉಳಿಸಲಿಲ್ಲ. ತನ್ನ ಮೈಯ ವಿಷದಿಂದ ಅಲ್ಲಿಯ ಪ್ರಾಣಿಗಳನ್ನು ಇಂದಿಗೂ ಕೊಲ್ಲುತ್ತಿದೆ. ಪರದೇಶದ ಜೀವಿಯನ್ನು ತರುವುದೆಂಬ ಕ್ರಿಯೆ ಒಂದೇ. ಒಂದರ ಹಿಂದೆ ವಿಚಾರವಿತ್ತು, ಇನ್ನೊಂದರ ಹಿಂದೆ ಆತುರವಿತ್ತು.

ಊರಿನ ಸಾಮಾನ್ಯ ಜನರ ಕೈಗೆ ನಿಲುಕುವ ಮಾರ್ಗವನ್ನು ತೋರಿದವರು ಸಿಡ್ನಿಯ ಮೋಸ್ಮನ್ ಬಡಾವಣೆಯ ಜೋನ್ ಮತ್ತು ಐಲೀನ್ ಬ್ರಾಡ್ಲಿ ಎಂಬ ಸೋದರಿಯರು. 1960ರ ದಶಕದಲ್ಲಿ ತಮ್ಮ ಮನೆಯ ಸಮೀಪದ ಕುರುಚಲು ಕಾಡಿನಲ್ಲಿ ನಿತ್ಯ ತಿರುಗಾಡುತ್ತಿದ್ದ ಅವರು ಒಂದು ಸಂಗತಿಯನ್ನು ಗಮನಿಸಿದರು. ಕಳೆಯನ್ನು ಒಮ್ಮೆಗೇ ಕಡಿದು ನೆಲವನ್ನು ಬೋಳು ಮಾಡಿದಲ್ಲೆಲ್ಲ ಕಳೆಯೇ ಇಮ್ಮಡಿಯಾಗಿ ಮರಳುತ್ತಿತ್ತು. ಅವರು ಅದಕ್ಕೆ ವಿರುದ್ಧವಾದ ಕ್ರಮವನ್ನು ಹಿಡಿದರು. ಕಾಡು ಎಲ್ಲಿ ಚೆನ್ನಾಗಿದೆಯೋ ಅಲ್ಲಿಂದ ಕೆಲಸವನ್ನು ಆರಂಭಿಸಿ ಕೆಟ್ಟ ಕಡೆಗೆ ಸಾಗಬೇಕು. ಮಣ್ಣನ್ನು ಆದಷ್ಟು ಕದಲಿಸಬಾರದು. ಕಿತ್ತ ಜಾಗದ ಮೇಲೆ ಎಲೆಗೊಬ್ಬರವನ್ನು ಮರಳಿ ಹೊದಿಸಬೇಕು. ಅಲ್ಲಿಯ ಗಿಡಗಳು ಎಷ್ಟು ಬೇಗ ತುಂಬಿಕೊಳ್ಳುತ್ತವೆಯೋ ಅಷ್ಟೇ ವೇಗದಲ್ಲಿ ಕಳೆಯನ್ನು ತೆಗೆಯಬೇಕು, ಹೆಚ್ಚಲ್ಲ. ಸಣ್ಣ ಕೈ ಉಪಕರಣಗಳು, ತಾಳ್ಮೆ, ಮತ್ತೆ ಮತ್ತೆ ಮರಳಿ ನೋಡುವ ಅಭ್ಯಾಸ, ಇಷ್ಟೇ ಅವರ ಬಂಡವಾಳ. ಇಬ್ಬರೂ ತೀರಿಕೊಂಡ ಮೇಲೆ, 1988ರಲ್ಲಿ, ಅವರ ವಿಧಾನವು ಪುಸ್ತಕವಾಗಿ ಹೊರಬಂದಿತು. ಇಂದು ಆಸ್ಟ್ರೇಲಿಯದ ಅನೇಕ ನಗರಗಳಲ್ಲಿ ಸ್ವಯಂಸೇವಕರು ಕಾಡನ್ನು ಮರಳಿ ಬೆಳೆಸುವುದು ಈ ತಳಹದಿಯ ಮೇಲೆಯೇ.

ಊರೇ ಕಾಯುವ ನೆಲ

1986ರಲ್ಲಿ ವಿಕ್ಟೋರಿಯದ ಸೇಂಟ್ ಆರ್ನಾಡ್ ಊರಿನ ಸಮೀಪದ ವಿಂಜಾಲಕ್ ಎಂಬಲ್ಲಿ ಲ್ಯಾಂಡ್‌ಕೇರ್ ಎಂಬ ಚಳವಳಿಗೆ ನಾಂದಿಯಾಯಿತು. ಪ್ರಾಂತದ ಸಚಿವೆ ಜೋನ್ ಕರ್ನರ್ ಮತ್ತು ರೈತ ಒಕ್ಕೂಟದ ಅಧ್ಯಕ್ಷೆ ಹೆದರ್ ಮಿಚೆಲ್ ಅದರ ಪ್ರವರ್ತಕರು. ಮೂರು ವರ್ಷಗಳ ಬಳಿಕ, ಪರಸ್ಪರ ವಿರೋಧಿಗಳೆಂದೇ ಹೆಸರಾಗಿದ್ದ ರಾಷ್ಟ್ರೀಯ ರೈತ ಒಕ್ಕೂಟ ಮತ್ತು ಪರಿಸರ ಸಂರಕ್ಷಣ ಪ್ರತಿಷ್ಠಾನಗಳ ಮುಖಂಡರಾದ ರಿಕ್ ಫಾರ್ಲಿ ಮತ್ತು ಫಿಲಿಪ್ ಟಾಯ್ನ್ ಒಟ್ಟಾಗಿ ಸರಕಾರದ ಮುಂದೆ ಬೇಡಿಕೆಯಿಟ್ಟರು. 1989ರ ಜುಲೈಯಲ್ಲಿ ಪ್ರಧಾನಿ ಬಾಬ್ ಹಾಕ್ ಮುಂದಿನ ದಶಕವನ್ನು ಲ್ಯಾಂಡ್‌ಕೇರ್ ದಶಕವೆಂದು ಘೋಷಿಸಿ 30 ಕೋಟಿ ಡಾಲರಿಗೂ ಹೆಚ್ಚಿನ ನೆರವನ್ನು ಪ್ರಕಟಿಸಿದರು. ಆ ದಶಕದ ಅಂತ್ಯದ ವೇಳೆಗೆ ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಸ್ಥಳೀಯ ಗುಂಪುಗಳಿದ್ದವು.

ಈ ಗುಂಪುಗಳ ಬಲವಿರುವುದು ಹಣದಲ್ಲಲ್ಲ, ನೆರೆಹೊರೆಯ ಒಪ್ಪಂದದಲ್ಲಿ. ಒಬ್ಬನು ತನ್ನ ಜಮೀನಿನ ಬಿಲಗಳನ್ನು ಮುಚ್ಚಿ, ಪಕ್ಕದವನು ಸುಮ್ಮನಿದ್ದರೆ ಮುಂದಿನ ವರ್ಷ ಮೊಲಗಳು ಬೇಲಿ ದಾಟಿ ಬರುತ್ತವೆ. ಆದುದರಿಂದ ಮೊದಲು ಎಲ್ಲರ ಜಮೀನಿನ ಬಿಲಗಳನ್ನೂ ಒಂದೇ ನಕ್ಷೆಯಲ್ಲಿ ಗುರುತಿಸುತ್ತಾರೆ. ಮೇವು ಕಡಿಮೆಯಾಗಿ ಮರಿ ಹಾಕುವ ಕಾಲ ಆರಂಭವಾಗದಿರುವ ಬೇಸಿಗೆಯ ಕೊನೆಯಲ್ಲಿ ವಿಷದ ತಿನಿಸನ್ನು ಇಡುತ್ತಾರೆ. ಅನಂತರ ಟ್ರಾಕ್ಟರಿನ ಉದ್ದನೆಯ ಹಲ್ಲುಗಳಿಂದ ಬಿಲಗಳ ಜಾಲವನ್ನೇ ಆಳವಾಗಿ ಉತ್ತು ಕುಸಿಯುವಂತೆ ಮಾಡುತ್ತಾರೆ. ಬಿಲವಿಲ್ಲದೆ ಈ ಮೊಲಕ್ಕೆ ಮರಿಗಳನ್ನು ಸಾಕಲು ಆಗದು. ಹೊಸ ಬಿಲ ತೋಡುವುದು ಅದಕ್ಕೆ ಸುಲಭವೂ ಅಲ್ಲ. ರೋಗವಾಗಲಿ ವಿಷವಾಗಲಿ ಕೊಡದ ದೀರ್ಘಕಾಲದ ಫಲವನ್ನು ಬಿಲನಾಶವು ಕೊಡುತ್ತದೆಂದು ಅಲ್ಲಿಯ ಅನುಭವ ಹೇಳುತ್ತದೆ.

ಕಳೆಗೂ ಮೊಲಕ್ಕೂ ಇರುವ ನಂಟನ್ನು ಈ ಗುಂಪುಗಳು ಚೆನ್ನಾಗಿ ಅರಿತಿವೆ. ಬ್ಲ್ಯಾಕ್‌ಬೆರಿ, ಗಾರ್ಸ್ ಮುಂತಾದ ಮುಳ್ಳುಪೊದೆಗಳು ಮೊಲಕ್ಕೆ ಆಶ್ರಯ. ಮೊಲ ಮೇಯ್ದು ಬೋಳಾಗಿಸಿದ ನೆಲ ಹೊಸ ಕಳೆಗಳಿಗೆ ಆಹ್ವಾನ. ಮೊಲವನ್ನು ತೆಗೆದು ಕಳೆಯನ್ನು ಮರೆತರೆ, ಮೇಯುವವರಿಲ್ಲದ ಕಳೆ ಸಸಿಯನ್ನು ಮುಚ್ಚುತ್ತದೆ. ಕಳೆಯನ್ನು ಆತುರದಿಂದ ತೆಗೆದರೆ, ಆ ಮುಳ್ಳಿನಲ್ಲಿಯೇ ಗೂಡು ಕಟ್ಟಿಕೊಂಡಿದ್ದ ಸಣ್ಣ ಹಕ್ಕಿಗಳು ನಿರಾಶ್ರಿತವಾಗುತ್ತವೆ. ಆದುದರಿಂದ ಬದಲಿ ಪೊದೆ ಬೆಳೆಯುವವರೆಗೆ ಮುಳ್ಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಾರೆ. ನೆಟ್ಟ ಪ್ರತಿಯೊಂದು ಸಸಿಗೂ ಗೂಟಗಳ ಆಸರೆಯ ಕವಚ ತೊಡಿಸುತ್ತಾರೆ. ಬೇಲಿಯ ಜಾಲರಿಯ ಕೆಳ ಅಂಚನ್ನು ಹೊರಕ್ಕೆ ಮಡಚಿ ಮಣ್ಣಿನಲ್ಲಿ ಹೂಳುತ್ತಾರೆ. ಬೇಲಿಯ ಬುಡದಲ್ಲಿ ತೋಡಲು ಬಂದ ಮೊಲಕ್ಕೆ ತಂತಿಯೇ ಅಡ್ಡ ಬರುತ್ತದೆ. ಎರಡು ಹೆಕ್ಟೇರಿಗೆ ಒಂದೇ ಮೊಲ ಉಳಿದರೂ ಕೆಲವು ಜಾತಿಯ ಎಳೆಯ ಸಸಿಗಳು ಒಂದೂ ಉಳಿಯುವುದಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಕೆಲವು ಕಳೆಗಳ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಜೀವಂತವಾಗಿರುತ್ತದೆ. ಹೀಗಾಗಿ ಇಲ್ಲಿ ಕೆಲಸ ಮುಗಿಯಿತೆಂಬ ದಿನವೇ ಇಲ್ಲ.

ಧರ್ಮಸಂಕಟ

ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ಜೈನ ಪರಂಪರೆ. ಮೊದಲನೆಯದು ಸಂಪೂರ್ಣ ತ್ಯಾಜ್ಯ. ಉಳಿದವು ಸಂಸಾರಿಗೆ ಅನಿವಾರ್ಯವಾದರೂ ಆದಷ್ಟು ಕುಗ್ಗಿಸತಕ್ಕವು. ವನ ಬೆಳೆಸುವವನು ವಿಷದ ತಿನಿಸನ್ನು ಇಡುವುದು ಯಾವ ವರ್ಗಕ್ಕೆ ಸೇರುತ್ತದೆ? ಸಸಿಯ ರಕ್ಷಣೆಗಾಗಿ ಎಂದು ವಿರೋಧೀ ಎನ್ನಬಹುದು. ಆದರೆ ತಿಂಗಳು, ವೇಳೆ, ಪ್ರಮಾಣಗಳನ್ನು ಗೊತ್ತುಮಾಡಿ, ನಕ್ಷೆ ಬರೆದು ಕೊಲ್ಲುವಲ್ಲಿ ಸಂಕಲ್ಪವೇ ಇಲ್ಲವೆನ್ನುವುದು ಆತ್ಮವಂಚನೆಯಾದೀತು. ವಿಷವನ್ನು ಒದಗಿಸುವುದನ್ನು ಶ್ರಾವಕಾಚಾರವು ಹಿಂಸಾದಾನವೆಂದು ಪ್ರತ್ಯೇಕವಾಗಿಯೇ ನಿಷೇಧಿಸಿದೆ. ಶ್ರಾವಕನು ಆ ಕಾರ್ಯಕ್ಕೆ ಸಮ್ಮತಿಯ ಮುದ್ರೆ ಒತ್ತಲಾರನು.

ಹಾಗೆಂದು ದೂರದಲ್ಲಿ ಕುಳಿತು ನಿಂದಿಸುವುದೂ ಸುಲಭದ ದಾರಿ. ಏನೂ ಮಾಡದಿದ್ದರೆ ಹಿಂಸೆ ನಿಲ್ಲುವುದಿಲ್ಲ. ಹಸಿರು ಅಳಿದ ನೆಲದಲ್ಲಿ ಬಿಲ್ಬಿ ಸಾಯುತ್ತದೆ, ಹಕ್ಕಿ ಸಾಯುತ್ತದೆ, ಬರ ಬಂದಾಗ ಮೊಲಗಳೂ ಲಕ್ಷಗಟ್ಟಲೆ ಹಸಿವಿನಿಂದ ಸಾಯುತ್ತವೆ. ಈ ಇಕ್ಕಟ್ಟಿನಿಂದ ಪಾರಾಗುವ ಪೂರ್ಣ ನಿರ್ದೋಷವಾದ ಮಾರ್ಗ ಇಂದು ಅಲ್ಲಿ ಯಾರಿಗೂ ಉಳಿದಿಲ್ಲ. 1859ರ ಪ್ರಮಾದದ ನಿಜವಾದ ಶಿಕ್ಷೆ ಇದುವೇ: ಆ ತಪ್ಪಿನಲ್ಲಿ ಪಾಲಿಲ್ಲದ ಮರಿಮಕ್ಕಳಿಗೆ ಹಿಂಸೆಯಿಲ್ಲದ ಆಯ್ಕೆಯೇ ಇಲ್ಲದಂತಾಯಿತು.

ಆದರೂ ಇತಿಹಾಸವು ಒಂದು ತಾರತಮ್ಯವನ್ನು ತೋರಿಸುತ್ತದೆ. ಎಲ್ಲಿ ಜನರು ಒಮ್ಮೆ ಕೊಂದು ಮರೆತರೋ ಅಲ್ಲಿ ಮತ್ತೆ ಮತ್ತೆ ಕೊಲ್ಲಬೇಕಾಯಿತು. ಎಲ್ಲಿ ಬೇಲಿ, ಕವಚ, ಕೈಯಿಂದ ಕೀಳುವಿಕೆ, ನಿತ್ಯದ ನೋಟಗಳು ಸೇರಿದವೋ ಅಲ್ಲಿ ಕೊಲ್ಲಬೇಕಾದ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. ಪ್ರಮಾದದಿಂದ ಬೆಳೆದ ಸಾಲದ ಬಡ್ಡಿಯನ್ನು ಇಳಿಸುವ ಶಕ್ತಿ ಅಪ್ರಮಾದಕ್ಕೆ, ಎಂದರೆ ಎಡೆಬಿಡದ ಎಚ್ಚರಕ್ಕೆ ಮಾತ್ರ ಇದೆ.

ಬಸದಿಗಳ ಭೂಮಿಗೆ ಪಾಠ

ಕರ್ನಾಟಕದಲ್ಲಿ ಯೂರೋಪಿನ ಮೊಲದ ಹಾವಳಿಯಿಲ್ಲ. ಕಳೆಯ ಹಾವಳಿ ಇದೆ. ಸಿಡ್ನಿಯ ಕುರುಚಲು ಕಾಡನ್ನು ಕಾಡುವ ಲಂಟಾನವೇ ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿಯೂ ಹಬ್ಬಿದೆ. ಅದು 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದದ್ದು ಹೂವಿನ ಚೆಲುವಿಗಾಗಿ. ಕಾಂಗ್ರೆಸ್ ಕಳೆಯನ್ನು ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಕ್ವೀನ್ಸ್‌ಲೆಂಡಿನಲ್ಲಿ 1980ರಲ್ಲಿಯೂ ಬೆಂಗಳೂರಿನಲ್ಲಿ 1984ರಲ್ಲಿಯೂ ಬಿಡಲಾಯಿತು. ಜೀರುಂಡೆ ನೆಲೆಯೂರಿತು, ಕಳೆ ಇನ್ನೂ ರಸ್ತೆಬದಿಯಲ್ಲಿದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಪೀಠೋಪಕರಣಗಳನ್ನು ತಯಾರಿಸಿ ಕೇಡಿನಿಂದಲೇ ಜೀವನೋಪಾಯವನ್ನು ಕಂಡುಕೊಂಡಿದ್ದಾರೆ.

ಬಸದಿಗಳ ಮತ್ತು ಟ್ರಸ್ಟುಗಳ ಅಧೀನದಲ್ಲಿ ಬೆಟ್ಟದ ಬುಡದ ಜಾಗಗಳೂ ತೋಪುಗಳೂ ಖಾಲಿ ಜಮೀನುಗಳೂ ಇವೆ. ಅಲ್ಲಿ ವರ್ಷಕ್ಕೊಮ್ಮೆ ಉತ್ಸವದಂತೆ ಸಸಿ ನೆಡುವುದು ಸಂತೋಷದ ಸಂಗತಿ. ಆದರೆ ನೆಡುವ ಮುನ್ನ ಟ್ರಸ್ಟಿನ ಸಭೆಯಲ್ಲಿ ಮೂರು ಪ್ರಶ್ನೆಗಳು ಚರ್ಚೆಯಾಗಬೇಕು. ನೆಡುವ ಗಿಡ ಈ ನೆಲದ್ದೇ, ಅಥವಾ ಅಂದಕ್ಕಾಗಿ ಹೊರಗಿನಿಂದ ತಂದದ್ದೇ? ಈಗಾಗಲೇ ಅಲ್ಲಿ ಏಳಲು ಹವಣಿಸುತ್ತಿರುವ ಸಸಿಗಳಿಗೆ ಬೇಲಿಯೊಂದೇ ಸಾಕಾಗುವುದೇ? ಮುಂದಿನ ಐದು ವರ್ಷ, ಪ್ರತಿ ತಿಂಗಳು, ಬೇಲಿಯನ್ನು ನೋಡಿ ಎಳೆಯ ಕಳೆಯನ್ನು ಹೂವಾಗುವ ಮುನ್ನವೇ ಕೀಳುವ ಹೊಣೆ ಯಾವ ಮನೆಯವರದು? ಮೊಳಕೆಯಲ್ಲಿ ಎರಡು ಬೆರಳಿಗೆ ಬರುವ ಕಳೆ, ಬಿಟ್ಟರೆ ನಾಳೆ ಕೊಡಲಿಯನ್ನೂ ಬೆಂಕಿಯನ್ನೂ ವಿಷವನ್ನೂ ಬೇಡುತ್ತದೆ. ಅವುಗಳೊಡನೆ ಅಸಂಖ್ಯ ಜೀವಿಗಳ ನಾಶವೂ ಬರುತ್ತದೆ.

ಈ ಮೂರನೆಯ ಪ್ರಶ್ನೆಗೆ ಉತ್ತರವಾಗಿ ಹೆಸರುಗಳನ್ನು ಪುಸ್ತಕದಲ್ಲಿ ಬರೆದುಕೊಂಡ ಬಳಿಕವೇ ಮೊದಲ ಗುಂಡಿಯನ್ನು ತೋಡುವುದು ಯೋಗ್ಯ. ಹೆಸರು ಬರೆಯಲು ಯಾರೂ ಮುಂದೆ ಬಾರದಿದ್ದರೆ ಆ ವರ್ಷ ಸಸಿಗಳ ಸಂಖ್ಯೆಯನ್ನು ಕಡಿಮೆ ಮಾಡಿ, ಕಾಯಲು ಸಾಧ್ಯವಾದಷ್ಟನ್ನೇ ನೆಡುವುದು ಲೇಸು.